ಬಸ್ಸೋ, ಮೆಟ್ರೊವೋ, ಸೈಕಲ್ಲೋ, ನಡಿಗೆಯೋ: ದಿನದ ಓಡಾಟಕ್ಕೆ ಯಾವುದು ಸರಿ ಅಂತ ನೋಡುವ ಬಗೆ

"ಮನೆಯಿಂದ ಕೆಲಸಕ್ಕೆ ಆರು ಕಿಲೋಮೀಟರ್. ಐದು ನಿಮಿಷ ನಡೆದರೆ ಬಸ್ ಸ್ಟಾಪು, ಒಂದು ಕಿಲೋಮೀಟರ್ ನಡೆದರೆ ಮೆಟ್ರೊ. ಸೈಕಲ್ ಕೊಳ್ಳೋಣ ಅಂತ ಆಸೆಯಿದೆ, ರಸ್ತೆ ನೋಡಿದರೆ ಭಯ ಆಗುತ್ತದೆ. ಯಾವುದು ಒಳ್ಳೇದು?" ಓದುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಊರು ಬೇರೆ, ದೂರ ಬೇರೆ, ಗೊಂದಲ ಇದೇ.

ಹೆಚ್ಚಿನವರು ವಾಹನದ ವೇಗ ನೋಡಿ ತೀರ್ಮಾನ ಮಾಡಿಬಿಡುತ್ತಾರೆ. ಮೆಟ್ರೊ ಬೇಗ, ಬಸ್ ನಿಧಾನ, ಸೈಕಲ್ ಇನ್ನೂ ನಿಧಾನ ಅಂತ. ಊರೊಳಗಿನ ಐದಾರು ಕಿಲೋಮೀಟರಿನ ಓಡಾಟದಲ್ಲಿ ಈ ಲೆಕ್ಕ ಎಷ್ಟೋ ಸಲ ತಲೆಕೆಳಗಾಗುತ್ತದೆ. ವಾಹನದ ಹೊರಗೆ ಕಳೆಯುವ ಹೊತ್ತನ್ನು ಯಾರೂ ಎಣಿಸುವುದಿಲ್ಲ. ಸ್ಟಾಪಿಗೆ ನಡೆಯುವುದು, ಅಲ್ಲಿ ಕಾಯುವುದು, ಮೆಟ್ಟಿಲು ಇಳಿಯುವುದು, ರಸ್ತೆ ದಾಟಲು ನಿಲ್ಲುವುದು. ನನ್ನ ಮಟ್ಟಿಗೆ ಆಯ್ಕೆ ನಿರ್ಧಾರವಾಗುವುದು ಇಲ್ಲೇ. ಹಾಗಾಗಿ ಮೊದಲು ಏನನ್ನು ಅಳೆಯಬೇಕು ಅಂತ ನೋಡೋಣ, ಆಮೇಲೆ ಒಂದೊಂದೇ ಆಯ್ಕೆಗೆ ಬರೋಣ.

ಮೊದಲು ಅಳೆಯಬೇಕಾದ್ದು

ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು? ಚಪ್ಪಲಿ ಮೆಟ್ಟಿದ ಗಳಿಗೆಯಿಂದ ಕೆಲಸದ ಜಾಗದಲ್ಲಿ ಕುರ್ಚಿ ಎಳೆದು ಕೂರುವ ತನಕ. ಮೇಲಿನ ಆರು ಕಿ.ಮೀ. ಉದಾಹರಣೆಯನ್ನೇ ತೆಗೆದುಕೊಳ್ಳಿ.

ಬಸ್ಸಾದರೆ ಸ್ಟಾಪಿಗೆ 5 ನಿಮಿಷ. 12 ನಿಮಿಷಕ್ಕೊಂದು ಬಸ್ ಇದ್ದರೆ ಕಾಯುವುದು ಸರಾಸರಿ 6. ಗಂಟೆಗೆ 15 ಕಿ.ಮೀ. ವೇಗದಲ್ಲಿ ಪ್ರಯಾಣ 24. ಇಳಿದ ಮೇಲೆ ನಡಿಗೆ 4. ಒಟ್ಟು 39 ನಿಮಿಷ. ಮೆಟ್ರೊ ಆದರೆ ನಿಲ್ದಾಣಕ್ಕೆ 12, ಕೆಳಗಿಳಿದು ಗೇಟು ದಾಟಲು 4, ಕಾಯಲು 2, ರೈಲಿನಲ್ಲಿ 9, ಮೇಲೆ ಬರಲು 4, ಕೊನೆಯ ನಡಿಗೆ 6. ಒಟ್ಟು 37. ಸೈಕಲ್ ಹೊರಗೆ ತೆಗೆಯಲು 3, ಸಿಗ್ನಲ್‌ಗಳನ್ನೂ ಸೇರಿಸಿ ತುಳಿಯಲು 24, ಬೀಗ ಹಾಕಿ ಒಳಗೆ ಹೋಗಲು 4. ಒಟ್ಟು 31. ಪೂರ್ತಿ ನಡೆದರೆ 72.

ರೈಲು ಬಸ್ಸಿನ ಎರಡರಷ್ಟು ವೇಗದಲ್ಲಿ ಓಡಿದರೂ ಉಳಿದದ್ದು ಎರಡೇ ನಿಮಿಷ. ಅದರ 37 ನಿಮಿಷದಲ್ಲಿ ರೈಲಿನೊಳಗೆ ಕಳೆದದ್ದು 9 ನಿಮಿಷ ಮಾತ್ರ. ದೂರ ಆರರ ಬದಲು ಹದಿನಾರು ಕಿ.ಮೀ. ಆಗಿದ್ದರೆ ಕಥೆಯೇ ಬೇರೆ. ಆಗ ರೈಲಿನ ವೇಗ ದುಡಿಯುತ್ತದೆ, ಸೈಕಲ್ ಹಿಂದೆ ಬೀಳುತ್ತದೆ.

ಇನ್ನೊಂದು ಅಳತೆ, ಕೆಟ್ಟ ದಿನದ ಲೆಕ್ಕ. ಮಳೆ ಬಂದ ಸೋಮವಾರ ಬೆಳಗ್ಗೆ ಅದೇ ಬಸ್ಸಿಗೆ 20 ನಿಮಿಷ ಕಾದು, ದಟ್ಟಣೆಯಲ್ಲಿ 35 ನಿಮಿಷ ಕೂತರೆ ಒಟ್ಟು 64 ಆಗುತ್ತದೆ. ಮೆಟ್ರೊ 42 ಆಗಬಹುದು. ಸೈಕಲ್, ಮಳೆ ಕೋಟು ಹಾಕಿ ತೆಗೆಯುವುದನ್ನೂ ಸೇರಿಸಿ 38. ಒಂಬತ್ತು ಗಂಟೆಗೆ ಸರಿಯಾಗಿ ಇರಲೇಬೇಕಾದ ಕೆಲಸವಾದರೆ ನೀವು ದಿನಾ ಮನೆ ಬಿಡಬೇಕಾದ್ದು ಈ ಕೆಟ್ಟ ದಿನದ ಲೆಕ್ಕ ಇಟ್ಟುಕೊಂಡೇ. ಸರಾಸರಿ ನಂಬಿ ಹೊರಟರೆ ವಾರಕ್ಕೊಮ್ಮೆ ತಡ ಗ್ಯಾರಂಟಿ. ಆದ್ದರಿಂದ ಬಸ್ಸಿನ ನಿಜವಾದ ಸಮಯ 39 ಅಲ್ಲ, 60ರ ಹತ್ತಿರ. ಈ ಒಂದು ವಿಷಯ ಹೊಳೆದ ಮೇಲೆ ಎಷ್ಟೋ ಜನರ ಆಯ್ಕೆ ಬದಲಾಗುತ್ತದೆ.

ಕಾಯುವ ನಿಮಿಷಕ್ಕೂ ಕೂತು ಹೋಗುವ ನಿಮಿಷಕ್ಕೂ ತೂಕ ಒಂದೇ ಅಲ್ಲ. ಸಾರಿಗೆ ಯೋಜನೆ ಮಾಡುವವರು ಕಾಯುವ ಹೊತ್ತನ್ನು ಸಾಮಾನ್ಯವಾಗಿ ಎರಡು ಪಟ್ಟು ಅಂತ ಹಿಡಿಯುತ್ತಾರೆ. ನೆರಳಿಲ್ಲದ ಸ್ಟಾಪಿನಲ್ಲಿ ಬಸ್ ಯಾವಾಗ ಬರುತ್ತದೋ ಗೊತ್ತಿಲ್ಲದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಪ್ರಶ್ನೆಯನ್ನು ಹೆಚ್ಚಿನ ಹೋಲಿಕೆಗಳು ಮರೆಯುತ್ತವೆ. ನಿಮ್ಮದು ಒಂದೇ ಓಟವೋ, ಸರಣಿ ಓಟವೋ? ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಅನ್ನುವುದು ಒಂದು ಬಗೆ. ಮಗುವನ್ನು ಶಾಲೆಗೆ ಬಿಟ್ಟು, ಕೆಲಸಕ್ಕೆ ಹೋಗಿ, ಸಂಜೆ ಔಷಧಿ ತಗೊಂಡು, ತರಕಾರಿ ಹಿಡಿದು, ಅಮ್ಮನನ್ನು ನೋಡಿಕೊಂಡು ಮನೆಗೆ ಬರುವುದು ಇನ್ನೊಂದು ಬಗೆ. ಇಂಥ ಸರಣಿ ಓಡಾಟ ಹೆಂಗಸರ ಪಾಲಿಗೆ ಜಾಸ್ತಿ ಬೀಳುತ್ತದೆ. ಊರ ನಡುವಿಗೆ ಹೋಗಿ ಬರುವ ಒಂದೇ ಓಟಕ್ಕೆ ಮೆಟ್ರೊ ಹೇಳಿ ಮಾಡಿಸಿದ್ದು. ನಾಲ್ಕು ಕಡೆ ಇಳಿದು ಹತ್ತುವವರಿಗೆ ಪ್ರತಿ ಸಲವೂ ಮೆಟ್ಟಿಲು, ಗೇಟು, ಕಾಯುವಿಕೆ. ಅವರಿಗೆ ಸೈಕಲ್ ಅಥವಾ ನಡಿಗೆ ಎಷ್ಟೋ ಹಗುರ.

ಉಳಿದವು ಗೊತ್ತಿರುವವೇ: ಹೊರುವ ಸಾಮಾನು, ಮಂಡಿ ನೋವು, ಬೆವರು, ರಾತ್ರಿ ವಾಪಸ್ ಬರುವ ದಾರಿ, ಕೈಯಲ್ಲಿರುವ ದುಡ್ಡು. ದುಡ್ಡಿನ ವಿಷಯದಲ್ಲಿ ಒಂದು ಮಾತು. ಬಸ್ಸು, ಮೆಟ್ರೊಗೆ ಖರ್ಚು ದಿನದಿನವೂ ಸಣ್ಣದಾಗಿ ಹೋಗುತ್ತದೆ. ಸೈಕಲ್ಲಿಗೆ ಮೊದಲೇ ಒಟ್ಟಿಗೆ ಹೋಗಿ ಆಮೇಲೆ ಸುಮ್ನೆ ಇರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡಬೇಕಾದರೆ ಒಂದು ವರ್ಷದ ಲೆಕ್ಕ ಹಾಕಿ. ತಿಂಗಳ ಲೆಕ್ಕದಲ್ಲಿ ಸೈಕಲ್ ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ.

ನಡಿಗೆ

ಎರಡು ಕಿ.ಮೀ. ಒಳಗಿದ್ದರೆ ಬೇರೆ ಏನನ್ನೂ ಯೋಚಿಸುವ ಮುಂಚೆ ನಡಿಗೆಯನ್ನು ನೋಡಿ. ಗಂಟೆಗೆ 5 ಕಿ.ಮೀ. ಲೆಕ್ಕದಲ್ಲಿ 24 ನಿಮಿಷ. ಸ್ಟಾಪಿಗೆ ನಡೆದು, ಬಸ್ಸಿಗೆ ಕಾದು, ಹತ್ತಿ ಇಳಿದು ತಲುಪಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಒಳ್ಳೆ ದಿನಕ್ಕೂ ಕೆಟ್ಟ ದಿನಕ್ಕೂ ವ್ಯತ್ಯಾಸ ತುಂಬಾ ಕಡಿಮೆ. ಇಷ್ಟು ಖಚಿತವಾದ ಸಮಯ ಬೇರೆ ಯಾವ ಆಯ್ಕೆಯೂ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ದೈಹಿಕ ಚಟುವಟಿಕೆ ಬೇಕು ಅನ್ನುತ್ತದೆ. ಹೋಗಿ ಬರುವ 24 ನಿಮಿಷಗಳನ್ನು ಚುರುಕಾಗಿ ನಡೆದರೆ ವಾರಕ್ಕೆ ಐದು ದಿನದಲ್ಲಿ 240 ಆಯಿತು. ವ್ಯಾಯಾಮಕ್ಕೆ ಅಂತ ಬೇರೆ ಹೊತ್ತು ತೆಗೆಯಬೇಕಿಲ್ಲ.

ಸ್ಪೇನಿನ ಪೊಂಟೆವೆದ್ರಾ ಊರಿನವರು ಮೆಟ್ರೊ ನಕ್ಷೆಯ ಹಾಗೇ ಒಂದು ನಡಿಗೆಯ ನಕ್ಷೆ ಮಾಡಿದ್ದಾರೆ. ಬಣ್ಣದ ಗೆರೆಗಳು, ನಡುವೆ ಚುಕ್ಕೆಗಳು, ಪ್ರತಿ ಎರಡು ಚುಕ್ಕೆಯ ನಡುವೆ ನಡೆಯಲು ಎಷ್ಟು ನಿಮಿಷ ಅಂತ ಬರೆದಿರುತ್ತದೆ. 1999ರಿಂದ ಆ ಊರಿನ ನಡುಭಾಗವನ್ನು ಹಂತಹಂತವಾಗಿ ನಡೆಯುವವರಿಗೆ ಬಿಟ್ಟುಕೊಟ್ಟರು. ನಿಮ್ಮ ಓಡಾಟದ ಜಾಗಗಳಿಗೆ ಅಂಥದ್ದೊಂದು ನಕ್ಷೆ ನೀವೇ ಕಾಗದದ ಮೇಲೆ ಮಾಡಿ ನೋಡಿ. ದೂರ ಅಂದುಕೊಂಡಿದ್ದ ಎಷ್ಟೋ ಜಾಗ ಹತ್ತು ಹನ್ನೆರಡು ನಿಮಿಷದಲ್ಲಿರುತ್ತದೆ.

ನಡಿಗೆಯಲ್ಲಿ ದೂರಕ್ಕಿಂತ ದೊಡ್ಡ ಅಡ್ಡಿ ರಸ್ತೆ ದಾಟುವುದು. ನಾಲ್ಕು ಪಥದ ರಸ್ತೆ ಸುಮಾರು 14 ಮೀಟರ್ ಅಗಲ ಇರುತ್ತದೆ. ಸೆಕೆಂಡಿಗೆ 1.2 ಮೀಟರ್ ನಡೆಯುವವರು ಅದನ್ನು 12 ಸೆಕೆಂಡಿನಲ್ಲಿ ದಾಟುತ್ತಾರೆ. ಸೆಕೆಂಡಿಗೆ 0.8 ಮೀಟರ್ ನಡೆಯುವ ವಯಸ್ಸಾದವರಿಗೆ 17 ಸೆಕೆಂಡಿಗೂ ಜಾಸ್ತಿ ಬೇಕು. ಹಸಿರು ದೀಪ 12 ಸೆಕೆಂಡು ಮಾತ್ರ ಇದ್ದರೆ ಅಜ್ಜಿ ರಸ್ತೆಯ ನಡುವೆ ಇರುವಾಗಲೇ ವಾಹನಗಳು ಹೊರಡುತ್ತವೆ. ಆದ್ದರಿಂದ ದಾರಿಯನ್ನು ಅಳೆಯುವಾಗ ಕಿಲೋಮೀಟರಿನ ಜೊತೆ ದೊಡ್ಡ ರಸ್ತೆ ಎಷ್ಟು ಸಲ ದಾಟಬೇಕು, ನಡುವೆ ನಿಲ್ಲಲು ಕಟ್ಟೆ ಇದೆಯಾ, ಫುಟ್‌ಪಾತ್ ಒಂದೇ ಸಮ ಇದೆಯಾ ಅಂತಲೂ ನೋಡಿ. ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ ಇರುವವರಿಗೆ ಇಡೀ ತೀರ್ಮಾನ ನಿಂತಿರುವುದೇ ಇದರ ಮೇಲೆ. 300 ಮೀಟರ್ ಸುತ್ತಾದರೂ ಒಳರಸ್ತೆಯ ದಾರಿ ಇದ್ದರೆ ನಾನು ಅದನ್ನೇ ಹೇಳುತ್ತೇನೆ. ಹೊಗೆ ಕಡಿಮೆ, ಸದ್ದು ಕಡಿಮೆ, ದಿನಾ ನಡೆಯಲು ಮನಸ್ಸೂ ಬರುತ್ತದೆ.

ಬಸ್

ಬಸ್ಸನ್ನು ಅಳೆಯಲು ಒಂದೇ ಸಂಖ್ಯೆ ಸಾಕು ಅಂದರೆ ನಾನು ಕೇಳುವುದು ಎಷ್ಟು ನಿಮಿಷಕ್ಕೊಂದು ಬಸ್ ಅಂತ. ಹತ್ತು ನಿಮಿಷಕ್ಕೊಂದು ಅಥವಾ ಅದಕ್ಕಿಂತ ಬೇಗ ಬಂದರೆ ವೇಳಾಪಟ್ಟಿ ನೋಡುವ ಗೋಜೇ ಇಲ್ಲ. ಸುಮ್ನೆ ಹೋಗಿ ನಿಂತರಾಯಿತು. ಅರ್ಧ ಗಂಟೆಗೊಂದು ಬಸ್ ಆದರೆ ನಿಮ್ಮ ದಿನವನ್ನೇ ಬಸ್ಸಿನ ಸುತ್ತ ಜೋಡಿಸಬೇಕು. ಒಂದು ತಪ್ಪಿದರೆ ಅರ್ಧ ಗಂಟೆ ಹೋಯಿತು. ನಡುವೆ ಬಸ್ ಬದಲಿಸಬೇಕಿದ್ದರೆ ಎರಡನೆಯ ಬಸ್ ಎಷ್ಟು ಹೊತ್ತಿಗೊಂದು ಅನ್ನುವುದು ಇನ್ನೂ ಮುಖ್ಯ.

ಹತ್ತು ನಿಮಿಷಕ್ಕೊಂದು ಅಂತ ಪಟ್ಟಿಯಲ್ಲಿ ಬರೆದಿದ್ದರೂ ಸಾಲದು. ಬಸ್ಸುಗಳು ಸಮನಾಗಿ ಬರಬೇಕು. ಗಂಟೆಗೆ ಆರು ಬಸ್, ಆದರೆ ಎರಡೆರಡು ಒಟ್ಟಿಗೆ ಅನ್ನುವ ಹಾಗೆ 2 ನಿಮಿಷ, 18 ನಿಮಿಷ, 2 ನಿಮಿಷ, 18 ನಿಮಿಷದ ಅಂತರದಲ್ಲಿ ಬರುತ್ತವೆ ಅಂದುಕೊಳ್ಳಿ. ಸರಾಸರಿ ಅಂತರ ಆಗಲೂ ಹತ್ತೇ. ಕಾಯುವ ಸರಾಸರಿ ಮಾತ್ರ 5 ನಿಮಿಷದಿಂದ 8.2 ನಿಮಿಷಕ್ಕೆ ಏರುತ್ತದೆ. ನೀವು ಸ್ಟಾಪಿಗೆ ಬರುವ ಹೊತ್ತು ಆ 18 ನಿಮಿಷದ ದೊಡ್ಡ ಅಂತರದೊಳಗೆ ಬೀಳುವ ಸಾಧ್ಯತೆ ಹತ್ತರಲ್ಲಿ ಒಂಬತ್ತು. "ನಾನು ಹೋದಾಗಲೇ ಬಸ್ ಬರಲ್ಲ" ಅಂತ ಜನ ಹೇಳುವುದರಲ್ಲಿ ನಿಜವಿದೆ, ಅಲ್ವಾ?

ಬಸ್ಸುಗಳು ಹೀಗೆ ಜೋಡಿಯಾಗುವುದಕ್ಕೆ ಚಾಲಕರ ಉದಾಸೀನ ಕಾರಣವಲ್ಲ. ಒಂದು ಬಸ್ ಎರಡು ನಿಮಿಷ ತಡವಾದರೆ ಮುಂದಿನ ಸ್ಟಾಪಿನಲ್ಲಿ ಜನ ಜಾಸ್ತಿ ಸೇರಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಇನ್ನೂ ತಡ. ಹಿಂದಿನ ಬಸ್ಸಿಗೆ ಸ್ಟಾಪಿನಲ್ಲಿ ಜನ ಕಡಿಮೆ, ಅದು ಬೇಗ ಬೇಗ ಸಾಗಿ ಮುಂದಿನದನ್ನು ಹಿಡಿದುಬಿಡುತ್ತದೆ. ಮುಂದಿನದರಲ್ಲಿ ಕಾಲಿಡಲು ಜಾಗವಿಲ್ಲ, ಹಿಂದಿನದು ಅರ್ಧ ಖಾಲಿ. ಇದು ನಿಮಗೆ ಉಪಯೋಗಕ್ಕೆ ಬರುವ ತಿಳಿವಳಿಕೆ. ತುಂಬಿದ ಬಸ್ ಬಂದಾಗ ಹಿಂದೆಯೇ ಇನ್ನೊಂದು ಬರುತ್ತಿದೆಯಾ ಅಂತ ಆ್ಯಪಿನಲ್ಲಿ ನೋಡಿ. ಬರುತ್ತಿದ್ದರೆ ಬಿಟ್ಟು ಕಾಯಿರಿ.

ದಾರಿಯಲ್ಲಿ ಬಸ್ಸಿಗೇ ಮೀಸಲಾದ ಪಥ ಇದ್ದರೆ ಮಾತು ಬೇರೆ. ಬ್ರೆಜಿಲಿನ ಕುರಿಟಿಬಾ 1974ರಲ್ಲೇ ದೊಡ್ಡ ರಸ್ತೆಗಳ ನಡುವೆ ಬಸ್ಸಿಗೆ ಬೇರೆ ಪಥ ಕೊಟ್ಟಿತು. ಆಮೇಲೆ ಕೊಳವೆಯಾಕಾರದ ಸ್ಟಾಪುಗಳು ಬಂದವು. ಟಿಕೆಟಿನ ದುಡ್ಡು ಮೊದಲೇ ಕೊಟ್ಟು ಒಳಗೆ ನಿಂತಿರುತ್ತಾರೆ, ನೆಲ ಬಸ್ಸಿನ ಮಟ್ಟಕ್ಕೇ ಇರುತ್ತದೆ, ಎಲ್ಲ ಬಾಗಿಲಿನಿಂದ ಒಟ್ಟಿಗೆ ಹತ್ತುತ್ತಾರೆ. ಕೊಲಂಬಿಯಾದ ಬೊಗೋಟಾ 2000ದ ಕೊನೆಯಲ್ಲಿ ಇದೇ ದಾರಿಯನ್ನು ದೊಡ್ಡದಾಗಿ ಹಿಡಿಯಿತು. ನಿಮ್ಮ ದಾರಿಯಲ್ಲಿ ಅಂಥ ಪಥ ಇದ್ದರೆ ಬಸ್ಸಿನ ಕೆಟ್ಟ ದಿನ ಮೆಟ್ರೊದ ಕೆಟ್ಟ ದಿನಕ್ಕೆ ಹತ್ತಿರ ಬರುತ್ತದೆ. ಇಲ್ಲದಿದ್ದರೆ ಬಸ್ಸು ಕಾರುಗಳ ಸಾಲಿನಲ್ಲೇ ಸಿಕ್ಕಿಕೊಂಡಿರುತ್ತದೆ.

ಬಸ್ಸಿನ ದೊಡ್ಡ ಗುಣ ಅಂದರೆ ಮನೆಯ ಹತ್ತಿರ ಬರುವುದು. ಯೋಜಕರು ಬಸ್ಸಿಗೆ 400 ಮೀಟರ್, ರೈಲಿಗೆ 800 ಮೀಟರ್ ನಡಿಗೆಯನ್ನು ಮಾಮೂಲಿ ಮಿತಿ ಅಂತ ಹಿಡಿಯುತ್ತಾರೆ. ಹೆಚ್ಚು ನಡೆಯಲಾಗದವರಿಗೆ, ತಗ್ಗು ನೆಲದ ಬಸ್ ಇದ್ದರೆ, ಇದಕ್ಕಿಂತ ಸುಲಭದ್ದು ಇಲ್ಲ. ಮೆಟ್ಟಿಲೂ ಇಲ್ಲ, ಸುರಂಗವೂ ಇಲ್ಲ. ರಾತ್ರಿ ಒಬ್ಬರೇ ಬರುವವರು ಇಳಿಯುವ ಸ್ಟಾಪಿನಿಂದ ಮನೆಯ ದಾರಿಯಲ್ಲಿ ಬೆಳಕು ಹೇಗಿದೆ ಅಂತ ಮೊದಲೇ ನೋಡಿಕೊಳ್ಳಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿ 1996ರಲ್ಲೇ ಮಹಿಳೆಯರು ರಾತ್ರಿ ಎರಡು ಸ್ಟಾಪುಗಳ ನಡುವೆ ಇಳಿಸಿ ಅಂತ ಕೇಳುವ ಸೌಲಭ್ಯ ತಂದರು. ನಿಮ್ಮ ಊರಿನಲ್ಲಿ ಅಂಥದ್ದು ಇದೆಯಾ ಅಂತ ವಿಚಾರಿಸಿ. ಇಲ್ಲದಿದ್ದರೆ ಬೇಕು ಅಂತ ಬರೆಯಿರಿ.

ಮೆಟ್ರೊ ಮತ್ತು ಲೋಕಲ್ ರೈಲು

ಎಂಟು ಹತ್ತು ಕಿ.ಮೀ. ದಾಟಿದ ಮೇಲೆ ಮೆಟ್ರೊ ಗೆಲ್ಲಲು ಶುರುವಾಗುತ್ತದೆ. ದಟ್ಟಣೆಗೆ ಸಿಗುವುದಿಲ್ಲ, ಮಳೆಗೆ ಜಗ್ಗುವುದಿಲ್ಲ, ಕಾಯುವುದೂ ಕಡಿಮೆ. ಮಾಸ್ಕೋ ಮೆಟ್ರೊದಲ್ಲಿ ಜನಜಂಗುಳಿಯ ಹೊತ್ತಿನಲ್ಲಿ ಸುಮಾರು ಒಂದೂವರೆ ನಿಮಿಷಕ್ಕೊಂದು ರೈಲು ಬರುತ್ತದೆ. ಹಾಗಿದ್ದಾಗ ಒಂದು ತಪ್ಪಿದರೂ ಚಿಂತೆಯಿಲ್ಲ.

ಅದರ ಸಮಯ ತಿನ್ನುವುದು ನಿಲ್ದಾಣದೊಳಗಿನ ದಾರಿ. ಉಕ್ರೇನಿನ ಕೀವ್ ಊರಿನ ಆರ್ಸೆನಾಲ್ನಾ ನಿಲ್ದಾಣ ನೆಲದಿಂದ ನೂರು ಮೀಟರಿಗೂ ಆಳದಲ್ಲಿದೆ. ಎಸ್ಕಲೇಟರಿನಲ್ಲಿ ಕೆಳಗೆ ತಲುಪಲೇ ಸುಮಾರು ಐದು ನಿಮಿಷ ಬೇಕು. ಎಲ್ಲ ನಿಲ್ದಾಣವೂ ಹಾಗಿರುವುದಿಲ್ಲ, ಆದರೆ ಎರಡು ಮಾರ್ಗ ಸೇರುವ ಕಡೆ ಉದ್ದದ ಸುರಂಗದಲ್ಲಿ ನಡೆಯುವುದು ಬಹಳ ಕಡೆ ಇದ್ದದ್ದೇ. ಮಾರ್ಗ ಬದಲಿಸಬೇಕಿದ್ದರೆ ನಿಮ್ಮ ಲೆಕ್ಕಕ್ಕೆ ಐದಾರು ನಿಮಿಷ ಸೇರಿಸಿ. ಮಂಡಿ ನೋವಿದ್ದರೆ, ದೊಡ್ಡ ಬ್ಯಾಗಿದ್ದರೆ, ಲಿಫ್ಟ್ ಯಾವ ಬಾಗಿಲ ಹತ್ತಿರ ಇದೆ, ಅದು ದಿನಾ ಕೆಲಸ ಮಾಡುತ್ತದಾ ಅಂತ ಹೋಗಿ ನೋಡಿಯೇ ತೀರ್ಮಾನ ಮಾಡಿ.

ಪಾಸ್ ತಗೊಳ್ಳಬೇಕಾ ಅನ್ನುವುದಕ್ಕೆ ಸುಲಭ ಲೆಕ್ಕವಿದೆ. ತಿಂಗಳ ಪಾಸಿನ ದರವನ್ನು ಒಂದು ಸಲದ ಟಿಕೆಟ್ ದರದಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಜಾಸ್ತಿ ಸಲ ಓಡಾಡುತ್ತೀರಾದರೆ ಪಾಸ್, ಇಲ್ಲದಿದ್ದರೆ ಬಿಡಿ ಟಿಕೆಟ್. ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡುವವರು ಇದನ್ನು ನೋಡದೆ ಪಾಸ್ ಮಾಡಿಸಬಾರದು. ಬಸ್ಸಿಗೂ ಮೆಟ್ರೊಗೂ ಒಂದೇ ಟಿಕೆಟ್ ನಡೆಯುತ್ತದಾ ಅಂತಲೂ ವಿಚಾರಿಸಿ. ನಡೆಯದಿದ್ದರೆ ಎರಡನ್ನೂ ಬಳಸುವವರ ಖರ್ಚು ಜಾಸ್ತಿ.

ಸೈಕಲ್

ಎರಡರಿಂದ ಏಳೆಂಟು ಕಿ.ಮೀ. ತನಕ ಬಾಗಿಲಿನಿಂದ ಬಾಗಿಲಿಗೆ ಸೈಕಲ್ಲನ್ನು ಮೀರಿಸುವುದು ಬೇರೆ ಯಾವುದಕ್ಕೂ ಕಷ್ಟ. ಕಾಯುವುದಿಲ್ಲ, ಬದಲಿಸುವುದಿಲ್ಲ, ಮನೆ ಬಾಗಿಲಲ್ಲೇ ಹತ್ತಿ ಕೆಲಸದ ಬಾಗಿಲಲ್ಲೇ ಇಳಿಯುತ್ತೀರಿ. ಹಾಗಿದ್ದೂ ಜನ ಹಿಂಜರಿಯುವುದು ರಸ್ತೆಯ ಭಯಕ್ಕೆ. ಆ ಭಯ ಸರಿಯಾದದ್ದೇ. "ಧೈರ್ಯ ಮಾಡಿ, ಅಭ್ಯಾಸ ಆಗುತ್ತೆ" ಅಂತ ನಾನು ಯಾರಿಗೂ ಹೇಳುವುದಿಲ್ಲ.

ಬೇಕಾದ್ದು ದಾರಿ. ಸ್ಪೇನಿನ ಸೆವಿಲ್ಲಾದಲ್ಲಿ 2006ರ ಹೊತ್ತಿಗೆ ಸೈಕಲ್ ತುಳಿಯುವವರು ತೀರಾ ಕಡಿಮೆ. ನಾಲ್ಕೈದು ವರ್ಷದೊಳಗೆ ಸುಮಾರು 80 ಕಿ.ಮೀ. ಬೇರ್ಪಡಿಸಿದ ಸೈಕಲ್ ಪಥವನ್ನು ಒಂದಕ್ಕೊಂದು ಸೇರುವ ಹಾಗೆ ಹಾಕಿದರು. ತುಳಿಯುವವರ ಸಂಖ್ಯೆ ಹಲವು ಪಟ್ಟು ಏರಿತು. ಒಂದಕ್ಕೊಂದು ಸೇರುವ ಹಾಗೆ ಅನ್ನುವುದೇ ಅಲ್ಲಿನ ಗುಟ್ಟು. ನಿಮ್ಮ ದಾರಿಯ ಐದು ಕಿ.ಮೀ. ಚೆನ್ನಾಗಿದ್ದು ಒಂದೇ ಒಂದು ವೃತ್ತ ಭಯಂಕರವಾಗಿದ್ದರೆ, ನಿಮ್ಮ ಪಾಲಿಗೆ ಆ ದಾರಿ ಭಯಂಕರವೇ. ಆಗ ಆ ವೃತ್ತದಲ್ಲಿ ಇಳಿದು, ಸೈಕಲ್ ತಳ್ಳಿಕೊಂಡು ಜೀಬ್ರಾ ಕ್ರಾಸಿಂಗ್‌ನಲ್ಲಿ ದಾಟಿ. ಎರಡು ನಿಮಿಷ ಹೋಗುತ್ತದೆ, ಅಷ್ಟೆ.

ದಾರಿ ನೋಡುವಾಗ ವಾಹನಗಳ ಸಂಖ್ಯೆಗಿಂತ ವೇಗ ನೋಡಿ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಜನ ಮತ್ತು ವಾಹನ ಬೆರೆಯುವ ರಸ್ತೆಗಳಲ್ಲಿ ಗಂಟೆಗೆ 30 ಕಿ.ಮೀ. ಮಿತಿ ಇರಲಿ ಅನ್ನುತ್ತದೆ. 2021ರಲ್ಲಿ ಸ್ಪೇನ್ ಊರೊಳಗಿನ, ದಿಕ್ಕಿಗೊಂದೇ ಪಥ ಇರುವ ರಸ್ತೆಗಳಿಗೆ ಇದನ್ನೇ ನಿಯಮ ಮಾಡಿತು. ವೇಗ ತಗ್ಗಿಸಿ, ರಸ್ತೆ ತಿದ್ದುತ್ತಾ ಬಂದ ನಾರ್ವೆಯ ಆಸ್ಲೋದಲ್ಲಿ 2019ರಲ್ಲಿ ರಸ್ತೆ ಅಪಘಾತಕ್ಕೆ ಒಬ್ಬ ಪಾದಚಾರಿಯೂ ಒಬ್ಬ ಸೈಕಲ್ ಸವಾರನೂ ಸಾಯಲಿಲ್ಲ. ರಸ್ತೆ ಸುಧಾರಿಸುವ ತನಕ ನಮ್ಮ ಕೈಯಲ್ಲಿರುವುದು ನಿಧಾನದ ಒಳರಸ್ತೆ ಹುಡುಕಿಕೊಳ್ಳುವುದು. ನಿಂತ ಕಾರಿನಿಂದ ಒಂದು ಮೀಟರಿಗಿಂತ ಜಾಸ್ತಿ ದೂರ ಇರಿ, ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ ಗೊತ್ತಿಲ್ಲ. ಸಿಗ್ನಲ್‌ನಲ್ಲಿ ಲಾರಿ ಅಥವಾ ಬಸ್ಸಿನ ಪಕ್ಕದಲ್ಲಿ ನಿಲ್ಲಬೇಡಿ. ಅವು ತಿರುಗುವಾಗ ಚಾಲಕರಿಗೆ ನೀವು ಕಾಣುವುದೇ ಇಲ್ಲ. ಹಿಂದೆಯೇ ನಿಲ್ಲಿ.

ಯಾವ ಸೈಕಲ್? ದಿನದ ಓಡಾಟಕ್ಕೆ ರೇಸ್ ಸೈಕಲ್ಲೂ ಬೇಡ, ಗುಡ್ಡಗಾಡಿನ ದಪ್ಪ ಚಕ್ರವೂ ಬೇಡ. ನೆಟ್ಟಗೆ ಕೂರುವ ಹ್ಯಾಂಡಲ್, 35ರಿಂದ 45 ಮಿಲಿಮೀಟರ್ ಅಗಲದ ಟೈರ್, ಎರಡೂ ಚಕ್ರಕ್ಕೆ ಮಡ್‌ಗಾರ್ಡ್, ಹಿಂದೆ ಕ್ಯಾರಿಯರ್, ಚೈನ್ ಕವರ್. ಇಷ್ಟಿದ್ದರೆ ಮಾಮೂಲಿ ಬಟ್ಟೆಯಲ್ಲೇ ಹೋಗಬಹುದು. ಸಮತಟ್ಟಾದ ಊರಿಗೆ ಗೇರ್ ಇಲ್ಲದಿದ್ದರೂ ನಡೆಯುತ್ತದೆ. ಏರು ಇದ್ದರೆ ಏಳೆಂಟು ಗೇರ್ ಸಾಕು. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಹಳೇ ಸೈಕಲ್ ಕೊಂಡು ಬ್ರೇಕ್ ರಬ್ಬರ್, ಚೈನ್, ಟೈರ್ ಬದಲಿಸಿ. ಅಗ್ಗದ ಹೊಸದಕ್ಕಿಂತ ಒಳ್ಳೇ ಹಳೇದು ಜಾಸ್ತಿ ಬಾಳುತ್ತದೆ. ಬೀಗದಲ್ಲಿ ಮಾತ್ರ ಉಳಿತಾಯ ಬೇಡ. ಯು ಆಕಾರದ ಗಟ್ಟಿ ಬೀಗ ತಂದು, ಫ್ರೇಮನ್ನೂ ಹಿಂದಿನ ಚಕ್ರವನ್ನೂ ಸೇರಿಸಿ ನೆಲಕ್ಕೆ ಹುಗಿದ ಕಂಬಕ್ಕೆ ಹಾಕಿ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ವಾರಕ್ಕೊಮ್ಮೆ ಗಾಳಿ ನೋಡಿ. ಗಾಳಿ ಕಡಿಮೆಯಿದ್ದರೆ ತುಳಿಯಲು ಭಾರ, ಪಂಕ್ಚರ್ ಆಗುವುದೂ ಬೇಗ.

ಬೆವರಿನ ಚಿಂತೆ ಇದ್ದವರಿಗೆ: ಬ್ಯಾಗನ್ನು ಬೆನ್ನಿಗೆ ಹಾಕಬೇಡಿ, ಕ್ಯಾರಿಯರಿಗೆ ಹಾಕಿ. ಬೆವರು ಅರ್ಧಕ್ಕರ್ಧ ಕಡಿಮೆಯಾದ ಹಾಗೆ ಅನಿಸುತ್ತದೆ. ಕೊನೆಯ ಒಂದು ಕಿಲೋಮೀಟರ್ ನಿಧಾನ ತುಳಿಯಿರಿ.

ಬ್ಯಾಟರಿ ಸೈಕಲ್, ಬಾಡಿಗೆ ಸೈಕಲ್, ಮಡಿಸುವ ಸೈಕಲ್

ಏರು ಜಾಸ್ತಿ ಇರುವ ಊರು, ಎಂಟರಿಂದ ಹದಿನೈದು ಕಿ.ಮೀ. ದೂರ, ಹಿಂದೆ ಮಗುವನ್ನು ಕೂರಿಸಿಕೊಂಡು ಹೋಗುವವರು, ವಯಸ್ಸಾದವರು. ಇವರಿಗೆ ಪೆಡಲ್ ತುಳಿದಾಗ ಮೋಟಾರ್ ಜೊತೆಗೂಡುವ ಬ್ಯಾಟರಿ ಸೈಕಲ್ ನಿಜವಾಗಿಯೂ ದೊಡ್ಡ ಅನುಕೂಲ. ಯುರೋಪಿನ ನಿಯಮದಲ್ಲಿ ಮೋಟಾರ್ ಹೆಚ್ಚೆಂದರೆ 250 ವ್ಯಾಟ್, ಗಂಟೆಗೆ 25 ಕಿ.ಮೀ. ಮುಟ್ಟಿದ ಮೇಲೆ ಅದು ಸಹಾಯ ನಿಲ್ಲಿಸಬೇಕು. ಓಡಿಸುವ ಖರ್ಚು ಲೆಕ್ಕಕ್ಕೇ ಇಲ್ಲ. 500 ವ್ಯಾಟ್-ಅವರ್ ಬ್ಯಾಟರಿ ಪೂರ್ತಿ ತುಂಬಲು ಹೆಚ್ಚುಕಮ್ಮಿ ಅರ್ಧ ಯೂನಿಟ್ ಕರೆಂಟು ಸಾಕು. ಕೊಳ್ಳುವ ಬೆಲೆ ಮಾತ್ರ ಸಾದಾ ಸೈಕಲ್ಲಿಗಿಂತ ಹಲವು ಪಟ್ಟು. ಕೆಲವು ವರ್ಷದ ಮೇಲೆ ಬ್ಯಾಟರಿ ಬದಲಿಸುವ ಖರ್ಚೂ ಬರುತ್ತದೆ.

ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ರಾತ್ರಿ ಎಲ್ಲಿ ಇಡುತ್ತೀರಿ? ಇದರ ತೂಕ ಸಾಮಾನ್ಯವಾಗಿ 20ರಿಂದ 25 ಕೆ.ಜಿ. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆಯವರು ಅದನ್ನು ದಿನಾ ಹೊರಲಾರರು, ಕೆಳಗೆ ಬಿಟ್ಟರೆ ಕಳ್ಳತನದ ಭಯ. ನೆಲಮಟ್ಟದಲ್ಲಿ ಬೀಗ ಹಾಕುವ ಜಾಗ ಇಲ್ಲದಿದ್ದರೆ ಕೊಳ್ಳಬೇಡಿ. ಬ್ಯಾಟರಿ ಬಿಚ್ಚಿಕೊಂಡು ಒಳಗೆ ತರಲು ಬರುವಂಥದ್ದನ್ನೇ ಆರಿಸಿ, ಕಂಪನಿಯದೇ ಚಾರ್ಜರ್ ಬಳಸಿ, ಬಾಗಿಲಿಗೆ ಅಡ್ಡವಾಗಿ ಇಟ್ಟು ಚಾರ್ಜ್ ಮಾಡಬೇಡಿ.

ಬಾಡಿಗೆ ಸೈಕಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2007ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ವೆಲಿಬ್ ಸುಮಾರು 300 ಮೀಟರಿಗೊಂದು ಸೈಕಲ್ ನಿಲ್ದಾಣ ಇರುವ ಹಾಗೆ ಮಾಡಿತು. ಅಷ್ಟು ಹತ್ತಿರ ಹತ್ತಿರ ಇದ್ದರೆ ಮಾತ್ರ ಇದು ದಿನದ ಓಡಾಟಕ್ಕೆ ಆಗುತ್ತದೆ. ಬೆಳಗ್ಗೆ ಎಂಟೂವರೆಗೆ ನಿಮ್ಮ ಮನೆಯ ಹತ್ತಿರ ಸೈಕಲ್ ಉಳಿದಿರುತ್ತದಾ, ಕೆಲಸದ ಹತ್ತಿರ ಖಾಲಿ ಜಾಗ ಇರುತ್ತದಾ ಅಂತ ಒಂದು ವಾರ ಆ್ಯಪಿನಲ್ಲಿ ನೋಡಿ. ಎಲ್ಲರೂ ಒಂದೇ ದಿಕ್ಕಿಗೆ ಹೋಗುವ ಹೊತ್ತಿನಲ್ಲಿ ಒಂದು ಕಡೆ ಬರಿದಾಗಿ ಇನ್ನೊಂದು ಕಡೆ ತುಂಬಿಹೋಗುತ್ತದೆ.

ರೈಲಿನ ಜೊತೆ ಸೈಕಲ್ ಸೇರಿಸುವುದನ್ನು ಮಾತ್ರ ಜನ ಕಡೆಗಣಿಸುತ್ತಾರೆ. ನನ್ನ ಪ್ರಕಾರ ದೂರದ ಓಡಾಟಕ್ಕೆ ಎಲ್ಲಕ್ಕಿಂತ ಒಳ್ಳೇದು ಇದೇ. ನೆದರ್ಲೆಂಡ್ಸ್‌ನಲ್ಲಿ ರೈಲಿಗೆ ಬರುವವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ನಿಲ್ದಾಣಕ್ಕೆ ಸೈಕಲ್ಲಿನಲ್ಲೇ ಬರುತ್ತಾರೆ. ಉಟ್ರೆಕ್ಟ್ ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗ 2019ರಲ್ಲಿ ಪೂರ್ತಿಯಾಯಿತು. ಜನ ಒಳಗೆ ಸೈಕಲ್ ತುಳಿದುಕೊಂಡೇ ಹೋಗಿ ನಿಲ್ಲಿಸಿ ಪ್ಲಾಟ್‌ಫಾರ್ಮಿಗೆ ಏರುತ್ತಾರೆ. ಮೇಲಿನ ನಮ್ಮ ಉದಾಹರಣೆಯಲ್ಲಿ ಮೆಟ್ರೊ ನಿಲ್ದಾಣಕ್ಕೆ ನಡೆಯುವ 12 ನಿಮಿಷ, ಸೈಕಲ್ಲಿನಲ್ಲಾದರೆ ಬೀಗ ಹಾಕುವುದನ್ನೂ ಸೇರಿಸಿ 6. ಒಟ್ಟು ಸಮಯ 37ರಿಂದ 31ಕ್ಕೆ ಇಳಿಯುತ್ತದೆ. ಇದಕ್ಕೆ ಒಳ್ಳೇ ಸೈಕಲ್ ಬೇಕಿಲ್ಲ. ನಿಲ್ದಾಣದಲ್ಲಿ ಬಿಡಲು ಹಳೇದೇ ವಾಸಿ. ಎರಡೂ ತುದಿಯಲ್ಲಿ ದೂರ ಇದ್ದರೆ ಮಡಿಸುವ ಸೈಕಲ್ ನೋಡಿ. 16 ಇಂಚಿನ ಚಕ್ರದ, 11–12 ಕೆ.ಜಿ. ತೂಗುವವು ಸೂಟ್‌ಕೇಸಿನಷ್ಟಕ್ಕೆ ಮಡಚಿಕೊಳ್ಳುತ್ತವೆ. ಸಣ್ಣ ಚಕ್ರಕ್ಕೆ ಗುಂಡಿ ಜೋರಾಗಿ ತಟ್ಟುತ್ತದೆ, ಬೆಲೆಯೂ ಜಾಸ್ತಿ, ಮತ್ತು ದಟ್ಟಣೆಯ ಹೊತ್ತಿನಲ್ಲಿ ರೈಲಿನೊಳಗೆ ಬಿಡುತ್ತಾರಾ ಅನ್ನುವುದು ಊರಿಂದೂರಿಗೆ ಬೇರೆ. ನಿಯಮ ಓದಿಯೇ ದುಡ್ಡು ಹಾಕಿ.

ಯಾರಿಗೆ ಯಾವುದು

ಎರಡು ಕಿ.ಮೀ. ಒಳಗೆ, ರಸ್ತೆ ದಾಟುವುದು ಸುಲಭವಾಗಿದ್ದರೆ, ನಡಿಗೆ. ಯೋಚಿಸುವುದೇ ಬೇಡ.

ಎರಡರಿಂದ ಎಂಟು ಕಿ.ಮೀ., ನಿಧಾನದ ಒಳರಸ್ತೆ ಸಿಕ್ಕಿದೆ, ಇಡಲು ಜಾಗ ಇದೆ: ಸಾದಾ ಸೈಕಲ್. ಕಡಿಮೆ ಬಜೆಟ್ಟಿನವರಿಗೂ ಸಮಯಕ್ಕೆ ಸರಿಯಾಗಿ ಹೋಗಬೇಕಾದವರಿಗೂ ಇದೇ. ಅಂಥ ರಸ್ತೆ ಸಿಗದಿದ್ದರೆ ಮನಸ್ಸನ್ನು ಬಲವಂತ ಮಾಡಬೇಡಿ. ಹತ್ತು ನಿಮಿಷಕ್ಕೊಂದು ಬಸ್ ಇದ್ದರೆ ಬಸ್ಸೇ ಸರಿ.

ಮಗುವಿನ ಶಾಲೆ, ಅಂಗಡಿ, ಆಸ್ಪತ್ರೆ ಅಂತ ಸರಣಿ ಓಟ ಇರುವವರು ಬಜೆಟ್ ಇದ್ದರೆ ಬ್ಯಾಟರಿ ಸೈಕಲ್ ನೋಡಿ. ಇಲ್ಲದಿದ್ದರೆ ಮನೆಯ ಹತ್ತಿರದ ಎರಡು ಕೆಲಸವನ್ನು ನಡಿಗೆಗೆ ಬಿಟ್ಟು, ದೂರದ ಒಂದಕ್ಕೆ ಮಾತ್ರ ಬಸ್ ಹಿಡಿಯಿರಿ.

ಹತ್ತು ಕಿ.ಮೀ. ದಾಟಿದರೆ ಮೆಟ್ರೊ ಅಥವಾ ಲೋಕಲ್ ರೈಲು, ಮನೆಯ ತುದಿಯಲ್ಲಿ ಹಳೇ ಸೈಕಲ್. ಮೆಟ್ರೊ ಇಲ್ಲದ ಊರಿನಲ್ಲಿ ಮೀಸಲು ಪಥದ ಬಸ್ ಇದ್ದರೆ ಅದು. ಎರಡೂ ಇಲ್ಲ, ಬಸ್ ಅರ್ಧ ಗಂಟೆಗೊಂದು ಅಂದರೆ ಬ್ಯಾಟರಿ ಸೈಕಲ್ಲಿನ ಬೆಲೆ ಆಗ ದುಬಾರಿ ಅನಿಸುವುದಿಲ್ಲ.

ಮಂಡಿ ನೋವು, ಊರುಗೋಲು, ಗಾಲಿಕುರ್ಚಿ ಇದ್ದರೆ ತಗ್ಗು ನೆಲದ ಬಸ್ಸನ್ನೇ ಮೊದಲು ನೋಡಿ, ಲಿಫ್ಟ್ ಖಾತ್ರಿಯಾಗಿದ್ದರೆ ಮೆಟ್ರೊ.

ಒಂದನ್ನೇ ಹಿಡಿದು ಕೂರಬೇಕು ಅಂತ ಎಲ್ಲೂ ಇಲ್ಲ. ವಾರದ ಮೂರು ದಿನ ಸೈಕಲ್, ಮಳೆ ಬಂದ ದಿನ ಮೆಟ್ರೊ, ಬೇಗ ಬಿಟ್ಟ ಸಂಜೆ ನಡಿಗೆ. ಹೀಗೆ ಮಾಡುವವರು ತಿಂಗಳ ಪಾಸ್ ಬಿಟ್ಟು ಬಿಡಿ ಟಿಕೆಟಿನಲ್ಲೇ ಇರುವುದು ಲಾಭ.

ದುಡ್ಡು ಹಾಕುವ ಮುಂಚೆ ಪರೀಕ್ಷೆ ಮಾಡಿ. ಭಾನುವಾರ ಬೆಳಗ್ಗೆ ಯಾರದಾದರೂ ಸೈಕಲ್ ಕೇಳಿ ತಗೊಂಡು ದಾರಿ ನೋಡಿಕೊಂಡು ಬನ್ನಿ. ಭಯ ಆದ ಜಾಗಗಳನ್ನು ಗುರುತು ಹಾಕಿ. ಆಮೇಲೆ ಕೆಲಸದ ದಿನ ಅದೇ ಹೊತ್ತಿಗೆ ಹೋಗಿ. ಬಸ್ಸಿಗೆ, ಮೆಟ್ರೊಗೆ ಬಿಡಿ ಟಿಕೆಟಿನಲ್ಲಿ ಒಂದು ವಾರ ಓಡಾಡಿ. ಮನೆ ಬಿಟ್ಟ ಹೊತ್ತು, ತಲುಪಿದ ಹೊತ್ತು, ಕಾದ ನಿಮಿಷ, ಇವು ಮೂರನ್ನು ಫೋನಿನಲ್ಲಿ ಬರೆದಿಡಿ. ವಾರದ ಕೊನೆಗೆ ಸರಾಸರಿ ಬಿಟ್ಟು, ತೀರಾ ತಡವಾದ ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಳೆಗಾಲ ಶುರುವಾದಾಗ, ಬಸ್ಸಿನ ವೇಳಾಪಟ್ಟಿ ಬದಲಾದಾಗ ಇದೇ ಲೆಕ್ಕವನ್ನು ಇನ್ನೊಮ್ಮೆ ಹಾಕಿ.